ನಡುನೀರಿನ ಸಭೆ

“ಎಡಕ್ಕೆ ತಿರುಗ್ಸಪ್ಪ,” ಅಂದಳು ಹೂವಮ್ಮ.

ಆಂಬುಲೆನ್ಸಿನ ಸುನಿಲ್ ಬಲಕ್ಕೆ ಇಂಡಿಕೇಟರ್ ಹಾಕಿ ಆಗಿತ್ತು. ಬಲಕ್ಕೆ ಹೋದರೆ ಹೊಸ ಸೇತುವೆ. ಹಿನ್ನೀರಿನ ಮೇಲೆ ನುಣ್ಣಗೆ ಹಾಸಿದ ರಸ್ತೆ, ಬಾಯಲ್ಲಿರುವ ಎಲೆಯಡಿಕೆ ಜಗಿದು ಮುಗಿಯುವುದರೊಳಗೆ ಆಚೆ ದಡ. ಎಡಕ್ಕೆ ಹೋದರೆ ಕೆಳಮನೆ ಕಡವು, ಅಲ್ಲಿ ಜನ, ಗಾಡಿ ದಾಟಿಸುವ ಹಳೇ ಲಾಂಚು. ಅದು ಆಚೆ ದಡದಲ್ಲಿದ್ದರೆ ಈಚೆ ಬರುವ ತನಕ ಕೂತು ಕಾಯಬೇಕು. ಸೇತುವೆ ಆದಮೇಲೆ ಹೆಣ ಇಟ್ಟುಕೊಂಡು ಎಡಕ್ಕೆ ಹೋದವರನ್ನು ಸುನಿಲ್ ನೋಡಿರಲಿಲ್ಲ. ಅವನು ಗಾಡಿ ನಿಧಾನ ಮಾಡಿ ಕನ್ನಡಿಯೊಳಗೆ ಹೂವಮ್ಮನ ಮಗಳ ಮುಖ ನೋಡಿದ.

“ಅಮ್ಮ, ಬ್ರಿಜ್ ಮೇಲೆ ಹೋಗಣ,” ಅಂದಳು ಚೈತನ್ಯಾ. “ಮನೇಲಿ ಎಲ್ಲ ಕಾಯ್ತಾ ಇದಾರೆ.”

“ಕಾಯ್ಲಿ. ನಿನ್ನಪ್ಪ ಎಷ್ಟು ಕಾದಿಲ್ಲ? ಇವತ್ತು ಲಾಂಚಲ್ಲಿ ಸಭೆ ಇದೆ. ಅವರನ್ನ ಅಲ್ಲಿಗೆ ಕರ್ಕೊಂಡು ಹೋಗ್ಬೇಕು.”

“ಅಪ್ಪನೇ ಇಲ್ಲ, ಇನ್ನೆಂತ ಸಭೆಯಮ್ಮ?”

ಹೂವಮ್ಮ ಗಂಡನ ಕಾಲ ಮೇಲಿನ ಹೊದಿಕೆ ಸರಿಮಾಡಿದಳು. ನಿನ್ನೆ ಸಂಜೆ ಸಾಗರದ ಆಸ್ಪತ್ರೆಯಲ್ಲಿ ಡಾಕ್ಟರು ಬಂದು ಕೈ ಚೆಲ್ಲಿದಾಗಿನಿಂದ ಅವಳು ಅತ್ತಿರಲಿಲ್ಲ. ಅಳುವುದು ಎಲ್ಲಿಗೂ ಓಡಿಹೋಗುವುದಿಲ್ಲ, ಆಮೇಲೆ ಅತ್ತರಾಯಿತು ಅನ್ನುವ ಹಾಗೆ ಕೂತಿದ್ದಳು.

“ಒಂದ್ಸಲ ಯಾರಾದ್ರೂ ಅವರ ಹೆಸರು ಹೇಳ್ಲಿ,” ಅಂದಳು. “ಜೀವಮಾನದಲ್ಲಿ ಒಂದ್ಸಲ ಲಾಂಚಲ್ಲಿ ಅವರ ಹೆಸರು ಬರ್ಲಿ. ಆಮೇಲೆ ಎಲ್ಲಿಗಾದ್ರೂ ಕರ್ಕೊಂಡು ಹೋಗಿ, ನಾ ಮಾತಾಡಲ್ಲ.”

ಸುನಿಲ್ ಇಂಡಿಕೇಟರ್ ಆಫ್ ಮಾಡಿ ಎಡಕ್ಕೆ ತಿರುಗಿಸಿದ.

ಕಡವಿನ ಇಳಿಜಾರಿನಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ನೀರು ಎಲ್ಲಿ ಶುರುವಾಗುತ್ತದೆ, ಆಕಾಶ ಎಲ್ಲಿ ಮುಗಿಯುತ್ತದೆ ಅಂತ ಹೇಳಲು ಬಾರದಂಥ ಬೆಳಗು. ಯಾವ ಕಾಲದಲ್ಲೋ ಮುಳುಗಿದ ಮರಗಳ ಬೊಡ್ಡೆಗಳು ಮಾತ್ರ ನೀರಿನಿಂದ ತಲೆ ಎತ್ತಿ ನಿಂತಿದ್ದವು. ದಡದ ಮೇಲೆ ಪಕ್ಷದವರು ಗುಂಪುಗುಂಪಾಗಿ ನಿಂತಿದ್ದರು. ಎಲ್ಲರ ಹೆಗಲ ಮೇಲೂ ಒಂದೇ ಬಣ್ಣದ ಶಾಲು. ಆಂಬುಲೆನ್ಸು ಮಂಜಿನಿಂದ ಹೊರಗೆ ಬಂದಾಗ ಒಬ್ಬೊಬ್ಬರೇ ಶಾಲು ತೆಗೆದು ಕಂಕುಳಿಗೆ ಇಟ್ಟುಕೊಂಡರು. ದುಗ್ಗಪ್ಪನ ಹೆಣ ಈ ದಾರಿಯಲ್ಲಿ ಬರುತ್ತದೆ ಅಂತ ಅವರು ಎಣಿಸಿರಲಿಲ್ಲ. ಸಭೆ ಬೇಗ ಮುಗಿಸಿ ಆಚೆ ದಡದ ಅವನ ಮನೆಗೆ ಹೋಗಿ ಮಣ್ಣಿಗೆ ನಿಲ್ಲುವುದು ಅವರ ಲೆಕ್ಕಾಚಾರವಾಗಿತ್ತು.

ಸಭೆ ಮುಂದೆ ಹಾಕುವ ಹಾಗಿರಲಿಲ್ಲ. ತಿಂಗಳ ಕೊನೆಗೆ ದಾವಣಗೆರೆಯಲ್ಲಿ ಪಕ್ಷದ ರಾಜ್ಯ ಅಧಿವೇಶನ. ಅಲ್ಲಿ ರಾಜ್ಯಾಧ್ಯಕ್ಷರನ್ನು ಆರಿಸಲು ಓಟು ಹಾಕುವವರು ಹೋಬಳಿಗೆ ಒಬ್ಬರಂತೆ ಹೋದ ಪ್ರತಿನಿಧಿಗಳು. ಪ್ರತಿನಿಧಿ ಅನ್ನುವುದು ಜಿಲ್ಲೆಯಿಂದ ಬಂದ ಸುತ್ತೋಲೆಯ ಮಾತು. ಊರಲ್ಲಿ ಎಲ್ಲರೂ ಅನ್ನುವುದು ಡೆಲಿಗೇಟು. ಇವತ್ತು ಸಂಜೆಯೊಳಗೆ ಹೆಸರು ಹೋಗಬೇಕು.

“ಕೊಡ್ಲಿಲ್ಲ ಅಂದ್ರೆ ಜಿಲ್ಲೆಯೋರು ಅವರಿಗೆ ಬೇಕಾದವ್ರನ್ನ ತುಂಬ್ತಾರೆ,” ಅಂತ ಹೇಳುತ್ತಿದ್ದ ಗಣೇಶ್. ಅವನು ಹೋಬಳಿ ಅಧ್ಯಕ್ಷ, ಆಚೆ ದಡದವನು, ಜೆಸಿಬಿ ಇಟ್ಟುಕೊಂಡವನು. “ಶಿವಮೊಗ್ಗದ ಯಾವನೋ ನಮ್ಮ ಹೆಸರಲ್ಲಿ ಹೋಗಿ ಕೈ ಎತ್ತಿ ಬರ್ತಾನೆ. ಬೇಕಾ ನಮಗೆ?”

“ಬೇಡ. ಆದ್ರೆ ಸಾವಿನ ದಿನ ಮಾತಾಡದು ಹ್ಯಾಗೆ?” ಅಂದ ಶ್ರೀಕಾಂತ. ಅವನು ಈಚೆ ದಡದ ಹೆಗಡೆಯರ ಮನೆಯವನು, ಸೊಸೈಟಿಯ ನಿರ್ದೇಶಕ. ಹ್ಯಾಗೆ ಅಂತ ಕೇಳಿದನೇ ಹೊರತು ಬೇಡ ಅನ್ನಲಿಲ್ಲ. ಅವನಿಗೂ ದಾವಣಗೆರೆಗೆ ಹೋಗುವುದಿತ್ತು.

“ದುಗ್ಗಪ್ಪಣ್ಣ ಇದ್ದಿದ್ರೆ ಅವರೇ ಹೇಳ್ತಿದ್ರು, ನನ್ನ ಸಲುವಾಗಿ ಸಭೆ ನಿಲ್ಲಿಸ್ಬೇಡಿ ಅಂತ,” ಅಂದ ಗಣೇಶ್.

“ಹೌದು,” ಅಂದ ಶ್ರೀಕಾಂತ. “ಅವಂಗೆ ತನ್ನದು ಅಂತ ಒಂದು ಇರ್ಲಿಲ್ಲ. ಡೆಲಿಗೇಟ್ ಆಗ್ಬೇಕು, ಫೋಟೋದಲ್ಲಿ ಬರ್ಬೇಕು ಅನ್ನೋ ಆಸೆಯೇ ಇಲ್ಲದ ಮನುಷ್ಯ.”

ಆಂಬುಲೆನ್ಸಿನ ಹಿಂಬಾಗಿಲು ತೆರೆದಿತ್ತು. ಒಳಗಿದ್ದ ಹೂವಮ್ಮನಿಗೆ ಇಷ್ಟೂ ಕೇಳಿಸಿತು. ಈ ಮಾತು ಅವಳಿಗೆ ಹೊಸದಲ್ಲ. ಪ್ರತಿ ಸಲ ಆಯ್ಕೆ ಮುಗಿದ ಮೇಲೆ ಯಾರಾದರೊಬ್ಬರು ಗಂಡನ ಬೆನ್ನು ತಟ್ಟಿ ಇದೇ ಮಾತು ಹೇಳುತ್ತಿದ್ದರು. ಹೊಗಳಿಕೆ ಅಂದುಕೊಂಡೇ ಹೇಳುತ್ತಿದ್ದರು. ಆಸೆ ಇಲ್ಲ ಅಂತ ಇವರಿಗೆ ಹೇಳಿದ್ದು ಯಾರು?

*

ಲಾಂಚಿನ ಮೇಲೆ ಸಭೆ ಮಾಡುವ ಪದ್ಧತಿ ಜಗಳದಿಂದ ಹುಟ್ಟಿದ್ದು.

ಮೊದಲೆಲ್ಲ ಹೆಸರು ಆರಿಸುತ್ತಿದ್ದುದು ಆಚೆ ದಡದ ಶಾಲೆಯಲ್ಲಿ. ಈಚೆ ದಡದವರಿಗೂ ಆಚೆ ದಡದವರಿಗೂ ಅಷ್ಟಕ್ಕಷ್ಟೆ. ಒಬ್ಬರ ಹೆಸರು ಬಂದರೆ ಇನ್ನೊಬ್ಬರು ಪಂಚೆ ಕೊಡವಿ ಎದ್ದು ಹೋಗುವುದು, ಎದ್ದು ಹೋದವರನ್ನು ಕರೆತರಲು ಮತ್ತಿಬ್ಬರು ಹೋಗುವುದು, ಅಷ್ಟರಲ್ಲಿ ಒಳಗಿದ್ದವರು ಇನ್ಯಾವುದೋ ಹೆಸರು ಬರೆದುಬಿಡುವುದು. ಒಂದು ವರ್ಷ ಶಾಲೆಯ ಬೆಂಚಿನ ಕಾಲು ಮುರಿದು ಮೇಷ್ಟರು ಕೈಮುಗಿದು ಎಲ್ಲರನ್ನೂ ಹೊರಗೆ ಹಾಕಿದರು. ಆಗ ವಾಗ್ದೇವಿ ಒಂದು ಮಾತು ಹೇಳಿದಳು. ಅವಳು ಶ್ರೀಕಾಂತನ ಸೋದರತ್ತೆ, ಆಗ ತಾಲ್ಲೂಕು ಪಂಚಾಯ್ತಿಗೆ ಗೆದ್ದು ಬಂದಿದ್ದವಳು, ಬಾಯಿ ಜೋರು.

“ಸಭೆನ ಲಾಂಚಲ್ಲಿ ಮಾಡಿ. ಈ ದಡದಲ್ಲಿ ಹತ್ತೋದು, ಆ ದಡ ಮುಟ್ಟೋದ್ರೊಳಗೆ ಹೆಸರು ತೀರ್ಮಾನ ಆಗ್ಬೇಕು. ಸಿಟ್ಟು ಬಂದವರು ಎದ್ದು ಹೋಗ್ಲಿ, ನಾನೂ ನೋಡ್ತೇನೆ ಎಲ್ಲಿಗೆ ಹೋಗ್ತಾರೆ ಅಂತ.”

ನಗೆಯಾಡಲು ಹೇಳಿದ್ದು ಊರ್ಜಿತವಾಯಿತು. ನಡುನೀರಿನಲ್ಲಿ ಯಾರೂ ಎಲ್ಲಿಗೂ ಹೋಗಲಾಗದೆ ಮಾತು ಒಂದು ಕಡೆ ಬಂದು ನಿಲ್ಲಲೇಬೇಕಾಯಿತು. ಬರಬರುತ್ತ ಅದಕ್ಕೆ ಕಟ್ಟಳೆಗಳೂ ಕೂಡಿಕೊಂಡವು. ಹೆಸರನ್ನು ಲಾಂಚಿನಲ್ಲಿರುವ ಸದಸ್ಯರೊಬ್ಬರು ಬಾಯಿಬಿಟ್ಟು ಹೇಳಬೇಕು. ಹೇಳಿಸಿಕೊಂಡವರು ಲಾಂಚಿನಲ್ಲೇ ಇರಬೇಕು, ಇದ್ದು “ಹೂಂ” ಅನ್ನಬೇಕು. ಹೂಂ ಅಂದಮೇಲೆ ಮುಗಿಯಿತು. ದಡ ಮುಟ್ಟಿದ ಮೇಲೆ ಮತ್ತೆ ಆ ಮಾತು ಎತ್ತುವ ಹಾಗಿಲ್ಲ.

ಆ ದಿನಗಳಲ್ಲೆಲ್ಲ ದುಗ್ಗಪ್ಪ ಇರುತ್ತಿದ್ದುದು ಆಚೆ ದಡದಲ್ಲಿ, ಒಲೆಯ ಎದುರು. ಮೈದಾ ಅಂಟು ಕಾಯಿಸಿ ಪೋಸ್ಟರ್ ಹಚ್ಚುವುದು, ತೋರಣ ಕಟ್ಟುವುದು, ನಡೆಯಲಾರದ ಮುದುಕಿಯರನ್ನು ಬೆನ್ನ ಮೇಲೆ ಹೊತ್ತು ಬೂತಿಗೆ ತರುವುದು, ಎಲ್ಲದರಲ್ಲೂ ಅವನು ಇದ್ದ. ಆದರೆ ಅವನಿಗೆ ಮನಸ್ಸು ತುಂಬುತ್ತಿದ್ದುದು ಅಡುಗೆಯಲ್ಲಿ. ಲಾಂಚಿನಲ್ಲಿ ಎಷ್ಟೇ ಕಿತ್ತಾಡಿಕೊಂಡು ಬಂದರೂ ಇಳಿದ ಕೂಡಲೇ ಬಿಸಿ ಕೇಸರಿಬಾತು ಕೈಗೆ ಕೊಟ್ಟರೆ ಅರ್ಧ ಸಿಟ್ಟು ಇಳಿಯುತ್ತದೆ ಅನ್ನುವುದು ಅವನ ನಂಬಿಕೆ. ಅದು ಸುಳ್ಳೂ ಅಲ್ಲ. ಒಮ್ಮೆ ಅವನಿಗೆ ಜ್ವರ ಬಂದು ಬೇರೆಯವರು ಒಲೆ ಹಚ್ಚಿದ್ದರು. ಅನ್ನ ಬೇಯುವುದು ತಡವಾಯಿತು. ಹಸಿದ ಹೊಟ್ಟೆಯಲ್ಲಿ ದಡದ ಮೇಲೆ ಶುರುವಾದ ಮಾತು ಕೊರಳಪಟ್ಟಿಗೆ ಹೋಗಿ, ಎರಡು ದಡದವರೂ ಮುಂದಿನ ಚುನಾವಣೆಯವರೆಗೆ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಅವನು ಒಲೆ ಬಿಟ್ಟು ಕದಲಲಿಲ್ಲ.

ಒಲೆ ಬಿಟ್ಟು ಕದಲದವನು ಸಭೆಯ ದಿನ ಲಾಂಚು ಹತ್ತುವುದು ಎಲ್ಲಿಂದ ಬಂತು? ಲಾಂಚಿನಲ್ಲಿ ಇಲ್ಲದವನ ಹೆಸರು ಹೇಳುವುದು ಯಾರು?

*

“ಲಾಂಚಿಗೆ ಹತ್ತಿಸ್ಬೇಕಾ?” ಅಂತ ಕೇಳಿದ ನಟರಾಜ್. ಲಾಂಚು ನಡೆಸುವವನು. ಆಚೆ ದಡದಿಂದ ಬಂದು ಆಗಷ್ಟೇ ಮುಂದಿನ ಹಲಗೆ ಇಳಿಸಿದ್ದ.

ಹೂವಮ್ಮ ತಲೆಯಾಡಿಸಿದಳು.

“ಗಾಡಿ ಸಮೇತ ಬೇಡ ಅಕ್ಕ, ಇಷ್ಟು ಜನ ಇದ್ದಾಗ ಭಾರ ಆಗ್ತದೆ. ಅವರನ್ನ ಮಾತ್ರ ಇಳಿಸ್ಕೊಳ್ಳಣ. ಸುನಿಲ್ ಬ್ರಿಜ್ ಮೇಲೆ ಸುತ್ತು ಹಾಕ್ಕೊಂಡು ಆಚೆ ಬಂದು ನಿಲ್ಲಲಿ.”

ಶ್ರೀಕಾಂತ, ಗಣೇಶ್, ಮತ್ತಿಬ್ಬರು ಸೇರಿ ಸ್ಟ್ರೆಚರ್ ಇಳಿಸಿದರು. ಲಾಂಚಿನ ನಟ್ಟನಡುವೆ, ಜೀಪು ನಿಲ್ಲಿಸುವ ಜಾಗದಲ್ಲಿ ಇಟ್ಟರು. ಶ್ರೀಕಾಂತ ಪಕ್ಷದ ಬಾವುಟ ತಂದು ಹೊದಿಸಿದ. ಬಾವುಟ ಉದ್ದ ಸಾಲದೆ ಪಾದ ಹೊರಗೆ ಉಳಿಯಿತು. ಹೂವಮ್ಮ ತಲೆಯ ಹತ್ತಿರ ನೆಲದ ಮೇಲೆ ಕೂತಳು, ಚೈತನ್ಯಾ ಪಾದದ ಹತ್ತಿರ. ಕೊನೆಗೆ ಕೋಲೂರಿಕೊಂಡು ವಾಗ್ದೇವಿ ಹತ್ತಿದಳು. ಅವಳು ಬಾಗಿ ದುಗ್ಗಪ್ಪನ ಮುಖ ನೋಡಿದಳು.

“ಅಂತೂ ಹತ್ತಿದ್ಯಲ್ಲೋ ಮಾರಾಯ,” ಅಂದಳು. ಅಂದು ಕಣ್ಣೊರೆಸಿಕೊಂಡಳು.

ಎಂಜಿನ್ ಶುರುವಾಯಿತು. ಈಚೆ ದಡ ಸ್ವಲ್ಪ ಹೊತ್ತು ಮಸುಕಾಗಿ ಕಂಡು ಹಾಗೇ ಇಲ್ಲವಾಯಿತು. ಆಚೆ ದಡ ಇನ್ನೂ ಹುಟ್ಟಿರಲಿಲ್ಲ. ನಾಲ್ಕೂ ಕಡೆ ಬಿಳಿ. ಈ ನೀರಿನ ಅಡಿಯಲ್ಲೇ ಎಲ್ಲೋ ದುಗ್ಗಪ್ಪನ ಅಜ್ಜನ ಕಾಲದ ಮನೆ ಇತ್ತಂತೆ, ಅಣೆಕಟ್ಟೆ ಕಟ್ಟಿದಾಗ ಮುಳುಗಿದ್ದು. ಪೇಟೆಗೆ ಹೋಗುವಾಗ ಲಾಂಚು ಇಲ್ಲಿಗೆ ಬಂದಾಗಲೆಲ್ಲ ಅವನು “ನಮ್ಮ ಚಾವಡಿ ಮೇಲೆ ಹೋಗ್ತಾ ಇದೀವಿ ನೋಡು” ಅನ್ನುತ್ತಿದ್ದ. ಗುರುತು ಹೇಗೆ ಸಿಗುತ್ತಿತ್ತೋ ಏನೋ. ಹೂವಮ್ಮ ಇವತ್ತು ನೀರಿನ ಕಡೆ ನೋಡಿದಳು. ಕೆಳಗೆ ಯಾರೋ ಬಾಗಿಲು ತೆಗೆದು ಮೇಲೆ ನೋಡುತ್ತಿದ್ದಾರೆ ಅನ್ನಿಸಿತು. ಹೆದರಿಕೆಯಾಗಲಿಲ್ಲ.

*

ಹೋದ ವಾರ, ಹಿತ್ತಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಾಗ ದುಗ್ಗಪ್ಪ ಹೇಳಿದ್ದ. “ಈ ಸಲ ನಾ ಲಾಂಚು ಹತ್ತೋದು ಅಂತ ಮಾಡಿದೀನಿ.”

ಹೂವಮ್ಮ ಗೆರಸೆಯಲ್ಲಿ ಅಕ್ಕಿ ಕೇರುತ್ತಿದ್ದಳು. “ಹತ್ತಿ. ಯಾರು ಬೇಡ ಅಂದ್ರು?”

“ಗಣೇಶಂಗೆ ಹೇಳ್ದೆ. ‘ನೀವು ಹತ್ತಿದ್ರೆ ಒಲೆ ಮುಂದೆ ಯಾರು ದುಗ್ಗಪ್ಪಣ್ಣ’ ಅಂತ ನಗಾಡ್ದ.”

“ನೀವೆಂತ ಅಂದ್ರಿ?”

“ನಾನೂ ನಗಾಡ್ದೆ.”

ಅವಳು ಕೇರುವುದು ನಿಲ್ಲಿಸಿ ಅವನನ್ನು ನೋಡಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಿವಿ ಮಂದವಾಗಿ ಎರಡು ವರ್ಷದ ಮೇಲಾಗಿತ್ತು. ಮುಖ್ಯವಾದ ಮಾತಿದ್ದರೆ ಅವಳೇ ಎದ್ದು ಹೋಗಿ ಕಿವಿಯ ಹತ್ತಿರ ಹೇಳಬೇಕು.

“ಒಂದು ಕನಸು ಬೀಳ್ತದೆ ಮಾರಾಯ್ತಿ,” ಅಂದ ಅವನು. “ಮೊದಲಿಂದಲೂ ಬೀಳ್ತದೆ, ನಿಂಗೆ ಹೇಳಿಲ್ಲ. ಲಾಂಚಲ್ಲಿ ಇರ್ತೀನಿ. ಎಲ್ಲ ಇರ್ತಾರೆ, ಸತ್ತವರೂ ಇರ್ತಾರೆ, ಅಪ್ಪಯ್ಯನೂ ಇರ್ತಾನೆ. ದಡವೇ ಇರಲ್ಲ, ಬರೀ ಬೆಳ್ಳಗೆ. ಯಾರೋ ನನ್ನ ಹೆಸರು ಹೇಳ್ತಾರೆ. ಎಲ್ಲ ನನ್ನ ಕಡೆ ತಿರುಗ್ತಾರೆ. ಹೂಂ ಅನ್ನಕ್ಕೆ ಬಾಯಿ ತೆಗಿತೀನಿ, ಎಚ್ಚರ ಆಗ್ತದೆ.”

“ಒಂದ್ಸಲವೂ ಅಂದಿಲ್ವಾ?”

“ಇಲ್ಲ. ಎಚ್ಚರ ಆದ್ಮೇಲೆ ಅಂದು ಎಂತ ಪ್ರಯೋಜನ?”

ಹೂವಮ್ಮನಿಗೆ ನಗು ಬಂತು. ನಕ್ಕದ್ದಕ್ಕೆ ಆಮೇಲೆ ಬೇಜಾರೂ ಆಯಿತು. ಮರುದಿನದಿಂದ ಅವನು ಬಚ್ಚಲಿನಲ್ಲಿ ನೀರು ಹೊಯ್ದುಕೊಳ್ಳುವಾಗ ಹೂಂ, ಹೂಂ ಅನ್ನುವುದು ಅವಳಿಗೆ ಕೇಳುತ್ತಿತ್ತು. ಒಮ್ಮೆ ಜೋರಾಗಿ, ಒಮ್ಮೆ ಮೆತ್ತಗೆ. ತೀರ ಜೋರಾದರೆ ಆಸೆಬುರುಕ ಅಂದುಕೊಂಡಾರು, ತೀರ ಮೆತ್ತಗಾದರೆ ಯಾರಿಗೂ ಕೇಳಿಸದು. ಒಬ್ಬನೇ ಅದನ್ನು ಹದ ಮಾಡುತ್ತಿದ್ದ.

ಅವಳೇ ಹೇಳಿಬಿಡಬಹುದಿತ್ತಲ್ಲ ಅಂತ ಯಾರಾದರೂ ಕೇಳಬಹುದು. ಅವಳೂ ಸದಸ್ಯೆ; ಅವನೇ ಮಾಡಿಸಿದ್ದು. ಆದರೆ ಗಂಡನ ಹೆಸರನ್ನು ಅವಳು ಬಾಯಲ್ಲಿ ಆಡಿದವಳಲ್ಲ. ಅವಳ ಅಮ್ಮ ಆಡಿರಲಿಲ್ಲ, ಅತ್ತೆ ಆಡಿರಲಿಲ್ಲ. ಇವರು, ನಮ್ಮನೆಯವರು, ಮಗಳು ಹುಟ್ಟಿದ ಮೇಲೆ ಚೈತನ್ಯಾಳ ಅಪ್ಪ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವರ ಮುಖ ನೋಡುತ್ತಿದ್ದಳು, ಅವರು ಹೇಳುತ್ತಿದ್ದರು. ಮೊನ್ನೆ ಆಸ್ಪತ್ರೆಯಲ್ಲಿ ನರ್ಸು ಪೇಷೆಂಟ್ ಹೆಸರೇನು ಅಂದಾಗಲೂ ಮಗಳು ಓಡಿ ಬರುವವರೆಗೆ ಸುಮ್ಮನೆ ನಿಂತಿದ್ದಳು.

*

ಲಾಂಚಿನಲ್ಲಿ ಒಬ್ಬರು ಕೆಮ್ಮಿದರು. ಒಬ್ಬರು ಫೋನು ತೆಗೆದು ನೋಡಿ ಒಳಗಿಟ್ಟರು. ಕಡೆಗೆ ಗಣೇಶನೇ ಗಂಟಲು ಸರಿಮಾಡಿಕೊಂಡ.

“ದುಃಖದ ದಿನ. ಆದ್ರೂ ಕರ್ತವ್ಯ. ನಾ ಉದ್ದ ಎಳೆಯಲ್ಲ. ಸೇತುವೆ ಆದ್ಮೇಲೆ ನಮ್ಮ ಆಚೆ ದಡದ ಪ್ರಶ್ನೆಗಳೇ ಬೇರೆ ಆಗಿದಾವೆ. ಅದನ್ನ ಅಧಿವೇಶನದಲ್ಲಿ ಹೇಳೋಕೆ ಆಚೆ ದಡದವರೇ ಹೋಗ್ಬೇಕು ಅಂತ...”

“ಹೋದ ಸಲವೂ ಆಚೆ ದಡದವರೇ,” ಅಂದ ಶ್ರೀಕಾಂತ.

“ಅದರ ಹಿಂದಿನ ಎರಡು ಸಲ ನಿಮ್ಮವರು ಹೆಗಡೇರೇ.”

“ನಮ್ಮವರು ನಿಮ್ಮವರು ಅಂತ ನಾ ಹೇಳ್ಲಿಲ್ಲ.”

“ಈಗ ಹೇಳಿದ್ರಲ್ಲ.”

ಮಾತು ಏರಿತು. ಆಚೀಚೆ ದಡದವರು ತಮಗೆ ಗೊತ್ತಿಲ್ಲದಂತೆ ಲಾಂಚಿನ ಎರಡು ಬದಿಗೆ ಸರಿದರು. ಹೆಣ ನಡುವೆ ಉಳಿಯಿತು. ದಾವಣಗೆರೆಯಲ್ಲಿ ಯಾರಿಗೆ ಓಟು, ಹಾಕಿದರೆ ಜಿಲ್ಲಾ ಪಂಚಾಯ್ತಿಗೆ ಯಾರಿಗೆ ಟಿಕೇಟು ಎಂಬಲ್ಲಿಗೆ ಬಂತು.

ವಾಗ್ದೇವಿ ಕೋಲು ಕುಟ್ಟಿದಳು. ಸೋದರಳಿಯ ಶ್ರೀಕಾಂತನ ಕಡೆ ತಿರುಗಿ ಮನೆಮಾತಿನಲ್ಲೇ ಬೈದಳು. “ಎಂತ ಆತಾ ನಿಂಗೆ? ಹೆಣದ ಎದುರು ನಿಂತ್ಕಂಡು ಟಿಕೇಟಿನ ಮಾತಾಡ್ತ್ಯಲಾ, ನಾಚ್ಕೆ ಇಲ್ಯಾ?” ಆಮೇಲೆ ಎಲ್ಲರಿಗೂ ಕೇಳುವಂತೆ, “ಹೂವಮ್ಮ ಏನೋ ಹೇಳ್ಬೇಕು ಅಂತಿದಾಳೆ. ಸುಮ್ನಿರಿ,” ಅಂದಳು.

ಹೂವಮ್ಮ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ತಿಳಿದಿರಲಿಲ್ಲ.

“ನಂದೂ ಒಂದು ಹೆಸರಿದೆ,” ಅಂದಳು.

“ಹೇಳಿ ಅಕ್ಕ,” ಅಂದ ಗಣೇಶ್.

“ಇವರದು.”

ಎಲ್ಲರೂ ಇವರು ಯಾರು ಅಂತ ಒಂದು ಕ್ಷಣ ಸುತ್ತ ನೋಡಿದರು. ಅರ್ಥವಾದಾಗ ನೋಟ ನೀರಿನ ಕಡೆ ಹೊರಳಿತು.

“ಹೂವಕ್ಕ,” ಅಂದ ಗಣೇಶ್, ತುಂಬ ಮೆದುವಾಗಿ. “ನಿಮ್ಮ ಸಂಕಟ ಗೊತ್ತಾಗ್ತದೆ. ಆದ್ರೆ ಹೋದವರ ಹೆಸರು ಕೊಟ್ರೆ ಓಟು ಖಾಲಿ ಹೋಗ್ತದೆ. ಜಿಲ್ಲೆಯೋರು ನಗ್ತಾರೆ. ಬೇಕಾದ್ರೆ ಅಧಿವೇಶನದಲ್ಲಿ ಸಂತಾಪ ಸೂಚನೆ ಮಾಡ್ಸಣ.”

“ಸಂತಾಪ ಬೇಡ. ಹೆಸರು ಹೇಳಿ ಸಾಕು. ಹೆಗಡೇರೇ, ನೀವಾದ್ರೂ ಹೇಳಿ.”

ಶ್ರೀಕಾಂತ ತಲೆ ತಗ್ಗಿಸಿದ. ಕೆಟ್ಟವನಲ್ಲ ಅವನು. ಹಿಂದಿನ ದಿನ ಆಸ್ಪತ್ರೆಗೆ ಮೊದಲು ಓಡಿ ಬಂದವನು ಅವನೇ. ಆದರೆ ಒಂದು ಓಟು ಅಂದರೆ ಒಂದು ಓಟು.

ಹೂವಮ್ಮ ಮಗಳ ಮುಖ ನೋಡಿದಳು.

“ನಾ ಮೆಂಬರ್ ಅಲ್ಲಮ್ಮ,” ಅಂದಳು ಚೈತನ್ಯಾ. ಅಪ್ಪ ಕೇಳಿದಾಗೆಲ್ಲ ಈ ರಾಜಕೀಯ ಎಲ್ಲ ಬೇಡ ಅಂದಿದ್ದವಳು ಅವಳು.

ಮಂಜಿನಲ್ಲಿ ಆಚೆ ದಡದ ಮತ್ತಿಮರಗಳು ತೆಳ್ಳಗೆ ಮೂಡತೊಡಗಿದ್ದವು. ಇನ್ನು ತಡಮಾಡಿದರೆ ಲಾಂಚು ಮುಟ್ಟುತ್ತದೆ, ಮುಟ್ಟಿದರೆ ಮುಗಿಯಿತು, ಮತ್ತೆ ಆ ಮಾತು ಎತ್ತುವ ಹಾಗಿಲ್ಲ. ಆಗ ಎಂಜಿನ್ನಿನ ಸದ್ದು ನಿಂತಿತು. ಎಲ್ಲರೂ ನಟರಾಜನ ಕಡೆ ತಿರುಗಿದರು. ಅವನು ಚಕ್ರದ ಮೇಲೆ ಕೈ ಇಟ್ಟುಕೊಂಡು ಎದುರಿಗೆ ನೋಡುತ್ತಿದ್ದ. ಈ ಸಭೆಗಳಲ್ಲಿ ಅವನು ಎಂದೂ ಬಾಯಿ ಹಾಕಿದವನಲ್ಲ.

“ಎಂತಾಯ್ತು?” ಅಂತ ಕೇಳಿದ ಗಣೇಶ್.

“ಎಂತ ಇಲ್ಲ. ಅವರು ಹೇಳ್ಲಿ. ಆಮೇಲೆ ಬಿಡ್ತೀನಿ.”

ಲಾಂಚು ತನ್ನಷ್ಟಕ್ಕೆ ತೇಲಿತು. ತಗಡಿಗೆ ನೀರು ತಾಗುವ ಸದ್ದು ಮಾತ್ರ. ಹೂವಮ್ಮ ಕಣ್ಣು ಮುಚ್ಚಿದಳು. ಅಮ್ಮ, ಅತ್ತೆ, ಮದುವೆಯ ದಿನ ಬಾಗಿಲಲ್ಲಿ ಅಡ್ಡ ನಿಂತು ಗಂಡನ ಹೆಸರು ಹೇಳು ಅಂತ ಕಾಡಿಸಿದ ನಾದಿನಿಯರು, ಎಲ್ಲ ಬಂದು ಸುತ್ತ ನಿಂತ ಹಾಗಾಯಿತು. ಆವತ್ತೂ ಅವಳು ಹೇಳಿರಲಿಲ್ಲ. ನಾಚಿಕೊಂಡು ನುಸುಳಿ ಒಳಗೆ ಓಡಿದ್ದಳು.

“ದುಗ್ಗಪ್ಪ,” ಅಂದಳು.

ಅವರು ಇವರು ಏನೂ ಇಲ್ಲ, ಬರೀ ದುಗ್ಗಪ್ಪ. ಮರ್ಯಾದೆ ಕೊಟ್ಟು ಹೇಳಲು ರೂಢಿ ಇದ್ದರೆ ತಾನೆ. ಬಾಯಲ್ಲಿ ಆ ಹೆಸರು ಇಷ್ಟು ಹಗುರ ಇರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಇನ್ನೊಮ್ಮೆ ಹೇಳಬೇಕು ಅನ್ನಿಸಿ ಹೇಳಿದಳು. “ನಾ ಹೇಳೋ ಹೆಸರು ದುಗ್ಗಪ್ಪ.”

ವಾಗ್ದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚೈತನ್ಯಾ ಅಪ್ಪನ ಪಾದ ಹಿಡಿದುಕೊಂಡು ಅತ್ತಳು.

“ಹೆಸರು ಬಂತು,” ಅಂದಳು ವಾಗ್ದೇವಿ ಕೊನೆಗೆ. “ಆದ್ರೆ ಹೂವಮ್ಮ, ಕಟ್ಟಳೆ ಕಟ್ಟಳೆಯೇ. ಅವನು ಹೂಂ ಅನ್ಬೇಕಲ್ಲೆ.”

ನಿಷ್ಠುರಕ್ಕೆ ಹೇಳಿದ ಮಾತಲ್ಲ ಅದು. ಈ ಪದ್ಧತಿ ಹುಟ್ಟಿಸಿದವಳು ಅವಳು. ಅದನ್ನು ಅರ್ಧಕ್ಕೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

ಹೂವಮ್ಮ ಮಂಡಿಯೂರಿದಳು. ಬಾವುಟದ ಅಂಚು ಸರಿಸಿ ಗಂಡನ ಕಿವಿಯ ಹತ್ತಿರ ಬಾಗಿದಳು, ಮನೆಯಲ್ಲಿ ಮುಖ್ಯವಾದ ಮಾತಿದ್ದರೆ ಬಾಗುತ್ತಿದ್ದಂತೆ.

“ಎಲ್ಲ ಕೇಳ್ತಾ ಇದಾರೆ,” ಅಂದಳು. “ಹೂಂ ಅನ್ನಿ.”

ಹೇಳಿ ಕಿವಿಯನ್ನು ಅವನ ಬಾಯಿಯ ಹತ್ತಿರ ತಂದು ಕಾದಳು. ಅವಳ ಜೊತೆ ಲಾಂಚೂ ಕಾಯುತ್ತಿತ್ತು. ಒಬ್ಬರೂ ಅಲುಗಲಿಲ್ಲ. ಮಂಜು ಹಲಗೆಯ ಮೇಲೆ ಹರಿದು ಬಂದು ಎಲ್ಲರ ಮೊಣಕಾಲಿನವರೆಗೆ ಏರಿತು. ನಿಂತವರಿಗೆ ತಾವು ನಿಂತಿರುವುದು ಯಾವುದರ ಮೇಲೆ ಎಂಬುದೇ ಕಾಣಿಸದಾಯಿತು. ಎಷ್ಟು ಹೊತ್ತೋ. ಆ ಹೊತ್ತಿನಲ್ಲಿ ಏನೂ ಕೇಳಿಸಲಿಲ್ಲ ಅಂತ ಅಲ್ಲಿದ್ದವರಲ್ಲಿ ಯಾರೂ ಇವತ್ತಿಗೂ ಖಂಡಿತ ಮಾಡಿ ಹೇಳುವುದಿಲ್ಲ.

ಹೂವಮ್ಮ ತಲೆ ಎತ್ತಿದಳು.

“ಹೂಂ ಅಂದ್ರು,” ಅಂದಳು.

ಶ್ರೀಕಾಂತ ಕಂಕುಳಿನಿಂದ ಶಾಲು ತೆಗೆದು ಮತ್ತೆ ಹೆಗಲಿಗೆ ಹಾಕಿಕೊಂಡ. “ಈಚೆ ದಡದ್ದು ಒಪ್ಪಿಗೆ ಇದೆ,” ಅಂದ.

ಉಳಿದವನು ಗಣೇಶ್. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಕಡವಿನ ಎರಡು ದಡದಲ್ಲೂ ನೆಟ್‌ವರ್ಕ್ ಇಲ್ಲ, ನಡುನೀರಿನಲ್ಲಿ ಮಾತ್ರ ಸಿಗುತ್ತದೆ. ಜಿಲ್ಲಾ ಕಾರ್ಯದರ್ಶಿಯ ಫೋನು. ಗಣೇಶ್ ಅದನ್ನು ಹಿಡಿದುಕೊಂಡು ಲಾಂಚಿನ ತುದಿಗೆ ನಡೆದ. ಅಲ್ಲಿ ನಿಂತು ಅವನು ಯಾವ ಹೆಸರು ಹೇಳಿದ್ದರೂ ನಡೆಯುತ್ತಿತ್ತು. ದಾವಣಗೆರೆಯ ವೇದಿಕೆ, ದೊಡ್ಡವರ ಜೊತೆ ಒಂದು ಫೋಟೋ, ಮುಂದಿನ ಟಿಕೇಟು, ವರ್ಷದಿಂದ ಅವನು ಕಟ್ಟಿಕೊಂಡು ಬಂದದ್ದೆಲ್ಲ ಆ ಫೋನಿನ ಆಚೆ ಕಾಯುತ್ತಿತ್ತು.

ಅವನು ತುದಿಯಿಂದ ವಾಪಸು ಬಂದ. ಸ್ಟ್ರೆಚರಿನ ಪಕ್ಕ ನಿಂತು ಹಸಿರು ಗುಂಡಿ ಒತ್ತಿದ.

“ಹೌದು ಸರ್, ಆಯ್ತು. ಬರ್ಕೊಳಿ. ದುಗ್ಗಪ್ಪ.”

ಆಚೆಯ ದನಿ ಗಟ್ಟಿಯಾಗಿತ್ತು, ಎಲ್ಲರಿಗೂ ಕೇಳಿಸಿತು. “ಯಾರು? ಆ ಕೇಸರಿಬಾತಿನ ದುಗ್ಗಪ್ಪನಾ? ಅವರು ಒಪ್ಪಿದ್ರಾ? ಆಮೇಲೆ ಬರಲ್ಲ ಅಂದ್ರೆ ಕಷ್ಟ.”

“ಒಪ್ಪಿದಾರೆ ಸರ್. ಇಲ್ಲೇ ಇದಾರೆ, ನನ್ನ ಎದುರಿಗೇ.” ಗಣೇಶ್ ಹೂವಮ್ಮನ ಕಡೆ ನೋಡಿದ. “ಎಲ್ಲರ ಎದುರಿಗೂ ಒಪ್ಪಿದಾರೆ.”

ಅವನು ಫೋನು ಕೆಳಗಿಳಿಸಿದಾಗ ನಟರಾಜ್ ಎಂಜಿನ್ ಶುರು ಮಾಡಿದ. ಆಚೆ ದಡ ನಿಧಾನವಾಗಿ ಮಂಜಿನಿಂದ ಕಳಚಿಕೊಂಡು ಹತ್ತಿರ ಬಂತು. ಹೂವಮ್ಮ ಆಗ ಅಳಲು ಶುರುಮಾಡಿದಳು. ವಾಗ್ದೇವಿ ಅವಳ ಬೆನ್ನ ಮೇಲೆ ಕೈ ಇಟ್ಟಳು, ಸುಮ್ಮನಿರು ಅನ್ನಲಿಲ್ಲ.

ದಡದಲ್ಲಿ ಸುನಿಲನ ಆಂಬುಲೆನ್ಸಿನ ಹಿಂದೆ ಪರವೂರಿನ ಒಂದು ಕಾರು ನಿಂತಿತ್ತು. ಸೇತುವೆ ಇದ್ದರೂ ಲಾಂಚಿನಲ್ಲಿ ಒಮ್ಮೆ ಹೋಗಬೇಕು ಅಂತ ಬಂದ ಗಂಡ ಹೆಂಡತಿ. ಲಾಂಚು ಮುಟ್ಟಿತು. ಶ್ರೀಕಾಂತ ಮುಂದೆ, ಗಣೇಶ್ ಹಿಂದೆ, ಹೆಗಲು ಕೊಟ್ಟು ಮೊದಲು ದುಗ್ಗಪ್ಪನನ್ನು ಇಳಿಸಿದರು. ಉಳಿದವರು ಎರಡು ಬದಿಗೆ ಸರಿದು ದಾರಿ ಬಿಟ್ಟು ನಿಂತರು. ಇಷ್ಟು ಶಾಲು, ಬಾವುಟ ನೋಡಿ ಕಾರಿನವನು ಫೋನು ಜೇಬಿಗೆ ಹಾಕಿಕೊಂಡು ಕೆಳಗಿಳಿದ. ದೊಡ್ಡ ಮನುಷ್ಯರಿರಬೇಕು ಅಂದುಕೊಂಡು ಚಪ್ಪಲಿ ಬಿಟ್ಟ. ಹಲಗೆಯ ಸರಪಳಿ ಹಿಡಿದು ನಿಂತಿದ್ದ ನಟರಾಜನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ.

“ಯಾರು ತೀರ್ಕೊಂಡಿದ್ದು?”

“ನಮ್ಮ ಡೆಲಿಗೇಟು,” ಅಂದ ನಟರಾಜ್.

ಹಿಂದೆ ಬರುತ್ತಿದ್ದ ಹೂವಮ್ಮ ಅದನ್ನು ಕೇಳಿದಳು. ಕಣ್ಣೊರೆಸಿಕೊಂಡು, ಸೆರಗು ನೇರ ಮಾಡಿಕೊಂಡು, ಅವಸರ ಮಾಡದೆ ಹಲಗೆ ಇಳಿದಳು.